ರೀಮೆನ್‌ಶ್ನೈಡರ್‌ನ ಕೈ ಮುರಿದರಂತೆ, ನಿಜವಾ?

ಜರ್ಮನಿಯ ಮರದ ಶಿಲ್ಪಗಳ ಬಗ್ಗೆ ಏನೇ ಬರೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ‘ವ್ಯೂರ್ಟ್ಸ್‌ಬುರ್ಗ್‌ನ ಶಿಲ್ಪಿ ಟಿಲ್ಮನ್ ರೀಮೆನ್‌ಶ್ನೈಡರ್ ರೈತರ ಪರ ನಿಂತ ಅಂತ ಬಿಷಪ್ ಅವನ ಎರಡೂ ಕೈ ಮುರಿಸಿದನಂತೆ. ಆಮೇಲೆ ಅವನು ಉಳಿ ಮುಟ್ಟಲೇ ಇಲ್ಲವಂತೆ. ಹೌದಾ?’

ಅಲ್ಲ. ಎಷ್ಟು ಸಲ ಹೇಳಿದರೂ ಈ ಕಥೆ ಸಾಯುತ್ತಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

1525ರಲ್ಲಿ ರೈತರು ದಂಗೆ ಎದ್ದಾಗ ಅವನು ನಗರಸಭೆಯ ಸದಸ್ಯ, ಮಾಜಿ ಮೇಯರ್. ಊರಿನ ಒಡೆಯ ಬಿಷಪ್ ಕೊನ್ರಾಡ್ ಫಾನ್ ಟ್ಯೂಂಗೆನ್. ಮೈನ್ ನದಿಯಾಚೆ, ಗುಡ್ಡದ ಮೇಲೆ ಅವನ ಮಾರಿಯನ್‌ಬೆರ್ಗ್ ಕೋಟೆ. ರೈತರ ಮೇಲೆ ಕತ್ತಿ ಎತ್ತಲು ನಗರಸಭೆ ಒಪ್ಪಲಿಲ್ಲ. ಊರು ರೈತರ ಜೊತೆ ಸೇರಿತು, ಬಿಷಪ್ ಹೈಡೆಲ್‌ಬೆರ್ಗ್‌ಗೆ ಓಡಿದ. ಆದರೆ ರೈತರಿಗೆ ಕೋಟೆ ದಕ್ಕಲಿಲ್ಲ. ಜೂನ್ ಮೊದಲ ವಾರದಲ್ಲಿ ಅವರ ಪಡೆಗಳೂ ನುಚ್ಚುನೂರಾದವು. ಬಿಷಪ್ ಹಿಂತಿರುಗಿದ ಮೇಲೆ ರೀಮೆನ್‌ಶ್ನೈಡರ್‌ನನ್ನು ಸುಮಾರು ಎರಡು ತಿಂಗಳು ಕೋಟೆಯಲ್ಲಿ ಕೂಡಿಹಾಕಿದರು. ಚಿತ್ರಹಿಂಸೆ ಕೊಟ್ಟರು. ಇಷ್ಟೂ ನಿಜ. ಆಗ ಅವನಿಗೆ ಅರವತ್ತು ದಾಟಿತ್ತು.

ಕೈ ಮುರಿದ ಮಾತು ಮಾತ್ರ ಆ ಕಾಲದ ಯಾವ ಕಾಗದದಲ್ಲೂ ಇಲ್ಲ. ಆಗ ಚಿತ್ರಹಿಂಸೆ ಕೊಡುತ್ತಿದ್ದದ್ದು ಬಾಯಿ ಬಿಡಿಸಲು. ಶಿಕ್ಷೆ ಬೇರೆ. ಅವನಿಗೆ ಸಿಕ್ಕ ಶಿಕ್ಷೆ ಏನೆಂದು ಗೊತ್ತಿದೆ: ಆಸ್ತಿಯಲ್ಲಿ ಒಂದು ಪಾಲು ಹೋಯಿತು, ನಗರಸಭೆಯ ಜಾಗ ಹೋಯಿತು. ಉಳಿ ಮುಟ್ಟಲೇ ಇಲ್ಲ ಅನ್ನುವವರು 1527ನ್ನು ನೋಡಲಿ. ಆ ವರ್ಷ ಅವನು ಕಿಟ್ಸಿಂಗೆನ್‌ನ ಸನ್ಯಾಸಿನಿಯರ ಮಠದಲ್ಲಿ ಬಲಿಪೀಠದ (ಚರ್ಚಿನಲ್ಲಿ ಪೂಜೆ ನಡೆಯುವ, ಕೆತ್ತನೆ ತುಂಬಿದ ಪೀಠ) ದುರಸ್ತಿ ಕೆಲಸ ಮಾಡಿದ್ದಾನೆ.

‘ಹಾಗಾದರೆ ದೊಡ್ಡ ಕೆಲಸ ಯಾಕೆ ಮಾಡಲಿಲ್ಲ?’ ಅಂತ ಮತ್ತೆ ಕೇಳುತ್ತಾರೆ. ಸ್ವಲ್ಪ ಯೋಚಿಸಿ. ಅವನಿಗೆ ಕೆಲಸ ಕೊಡುತ್ತಿದ್ದವರಲ್ಲಿ ಜಾಸ್ತಿ ಜನ ಚರ್ಚಿನವರು. ಬಿಷಪ್ ಜೈಲಿಗೆ ಹಾಕಿದವನನ್ನು ಅವರು ಕರೆಯುತ್ತಾರಾ? ಅದರ ಮೇಲೆ ಚರ್ಚಿನ ಹಳೆಯ ರೂಢಿಗಳನ್ನು ಪ್ರಶ್ನಿಸಿದ ಲೂಥರ್ ಸುಧಾರಣೆಯ ಗಾಳಿ. ಹೊಸ ಬಲಿಪೀಠ ಬೇಕು ಅನ್ನುವ ಊರುಗಳೇ ಕಡಿಮೆಯಾಗಿದ್ದವು. ಜೊತೆಗೆ ವಯಸ್ಸು. ಇಷ್ಟು ಕಾರಣ ಕಣ್ಣೆದುರಿಗೇ ಇರುವಾಗ ಮುರಿದ ಕೈ ಯಾಕೆ ಬೇಕು? ಈ ಕಥೆ ಹೇಳುವವರು ಪಾಪದ ಕಲಾವಿದನೊಬ್ಬನನ್ನು ನೆನೆಯುತ್ತಾರೆ. ಒಡೆಯನಿಗೆ ಆಗಲ್ಲ ಅಂದ ನಗರಸಭೆಯಲ್ಲಿ ಕೂತಿದ್ದ ಸದಸ್ಯ ಅವರ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಬೇಜಾರು ಇದೊಂದೇ.

ಕೆತ್ತನೆಯವನು ಮೇಯರ್ ಆದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. 1483ರಲ್ಲಿ ವ್ಯೂರ್ಟ್ಸ್‌ಬುರ್ಗ್‌ಗೆ ಬಂದಾಗ ಅವನು ಬೇರೆಯವರ ಕೈಕೆಳಗೆ ದುಡಿಯುವ ಕೆಲಸಗಾರ. 1485ರಲ್ಲಿ ಅಕ್ಕಸಾಲಿಗನೊಬ್ಬನ ವಿಧವೆ ಆನ್ನಾಳನ್ನು ಮದುವೆಯಾದ. ಅದರಿಂದ ಊರಿನ ನಾಗರಿಕ ಹಕ್ಕು, ಮೇಸ್ತ್ರಿ ಪಟ್ಟ ಎರಡೂ ಕೈಗೆ ಬಂದವು. ಕಾರ್ಯಾಗಾರ ಬೆಳೆಯಿತು. ಮನೆಗಳು, ದ್ರಾಕ್ಷಿತೋಟಗಳು ಸೇರಿಕೊಂಡವು. 1504ರಲ್ಲಿ ನಗರಸಭೆ, 1520ರಲ್ಲಿ ಮೇಯರ್ ಗಾದಿ. ಅಷ್ಟರಲ್ಲಿ ರೋಥೆನ್‌ಬುರ್ಗ್‌ನ ಪವಿತ್ರ ರಕ್ತದ ಬಲಿಪೀಠ ಮುಗಿದಿತ್ತು. ಅದರಲ್ಲಿರುವ ಯೇಸುವಿನ ಕಡೆಯ ಭೋಜನದ ದೃಶ್ಯದಲ್ಲಿ ನಡುಮಧ್ಯೆ ನಿಲ್ಲಿಸಿದ್ದು ಅವನಿಗೆ ದ್ರೋಹ ಬಗೆದ ಶಿಷ್ಯ ಯೂದನನ್ನು! ಬಾಂಬೆರ್ಗ್‌ನಲ್ಲಿ ಚಕ್ರವರ್ತಿ ಹೈನ್‌ರಿಖ್ ದಂಪತಿಯ ಸಮಾಧಿಯೂ ಅವನದೇ.

ಇನ್ನೊಂದು ವಿಷಯವಿದೆ. ಕೊನ್ರಾಡ್‌ಗಿಂತ ಹಿಂದೆ ಗದ್ದುಗೆಯಲ್ಲಿದ್ದ ಇಬ್ಬರು ಬಿಷಪ್‌ಗಳು ರುಡಾಲ್ಫ್ ಫಾನ್ ಶೆರೆನ್‌ಬೆರ್ಗ್ ಮತ್ತು ಲೊರೆನ್ಟ್ಸ್ ಫಾನ್ ಬಿಬ್ರಾ. ಇಬ್ಬರ ಸಮಾಧಿ ಶಿಲ್ಪವನ್ನೂ ಕೆತ್ತಿದವನು ರೀಮೆನ್‌ಶ್ನೈಡರ್. ಅವೆರಡೂ ವ್ಯೂರ್ಟ್ಸ್‌ಬುರ್ಗ್ ಕೆಥೆಡ್ರಲ್‌ನಲ್ಲಿವೆ. ಹೋದರೆ ಶೆರೆನ್‌ಬೆರ್ಗ್‌ನ ಮುಖದ ಸುಕ್ಕುಗಳನ್ನು ತಪ್ಪದೆ ನೋಡಿ.