ಕೀಲು, ಸೀಸ, ಕತ್ತರಿ: ಯುರೋಪಿನ ಆನಿಮೇಷನ್ ನಡಿಗೆ ಕಲಿತ ಬಗೆ

ಮಾತು ಬಂದ ಮೇಲೆ ಸಿನಿಮಾ ಸೆಕೆಂಡಿಗೆ 24 ಫ್ರೇಮಿಗೆ, ಎಂದರೆ ಒಂದಾದ ಮೇಲೊಂದು ಬರುವ 24 ಸ್ಥಿರಚಿತ್ರಕ್ಕೆ, ನೆಲೆನಿಂತಿತು. ಆನಿಮೇಷನ್‌ನಲ್ಲಿ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದರೆ ಸೆಕೆಂಡಿಗೆ 24 ಬೇಕು, ಒಂದೊಂದನ್ನು ಎರಡೆರಡು ಸಲ ಸೆರೆಹಿಡಿದರೆ 12 ಸಾಕು. ಚಿತ್ರ ಹೆಚ್ಚಿದಷ್ಟೂ ಚಲನೆ ಸರಾಗ ಎಂದು ಇಂದಿಗೂ ಹಲವರು ನಂಬುತ್ತಾರೆ. ಹಳೆಯ ಯುರೋಪಿಯನ್ ಚಿತ್ರಗಳನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ.

1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ 'ಫ್ಯಾಂಟಾಸ್ಮಗೊರಿ' ಎಂಬ ಕಿರುಚಿತ್ರಕ್ಕೆ ಬರೆದದ್ದು ಸುಮಾರು 700 ಚಿತ್ರ. ಪ್ರತಿಯೊಂದನ್ನೂ ಎರಡು ಸಲ ಸೆರೆಹಿಡಿದರು. ಆದರೂ ಬಾಟಲಿ ಹೂವಾಗುವಾಗ ಗೆರೆ ನೀರಿನಂತೆ ಹರಿಯುತ್ತದೆ.

ನಿಜವಾದ ಪಾಠ ಸಿಗುವುದು ಜರ್ಮನಿಯ ಲೊಟ್ಟೆ ರೈನಿಗರ್ ಅವರಲ್ಲಿ. 1923ರಿಂದ 1926ರವರೆಗೆ ಅವರು ಮಾಡಿದ ರಾಜಕುಮಾರ ಅಹ್ಮದನ ಚಿತ್ರ, ಇಂದು ಉಳಿದಿರುವ ಪೂರ್ಣಾವಧಿ ಆನಿಮೇಷನ್‌ಗಳಲ್ಲೇ ಅತ್ಯಂತ ಹಳೆಯದು. ಕಪ್ಪು ರಟ್ಟು ಮತ್ತು ತೆಳು ಸೀಸದ ತಗಡಿನಿಂದ ನೆರಳುಗೊಂಬೆಯ ಅಂಗಗಳನ್ನು ಕತ್ತರಿಸಿ, ಸಣ್ಣ ತಂತಿಯಿಂದ ಕೀಲು ಕಟ್ಟಿ, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಮಲಗಿಸುತ್ತಿದ್ದರು. ಕ್ಯಾಮೆರಾ ಮೇಲಿನಿಂದ ನೋಡುತ್ತಿತ್ತು. ಸೀಸದ ಭಾರಕ್ಕೆ ಅಂಗ ಇಟ್ಟಲ್ಲೇ ನಿಲ್ಲುತ್ತದೆ. ಕೀಲು ಬಿಗಿಯಾದರೆ ಬೆರಳು ಸರಿಸಲು ಹೋದಾಗ ತೋಳೂ ಬರುತ್ತದೆ, ಸಡಿಲವಾದರೆ ಪಕ್ಕದ ಅಂಗ ಜಾರಿ ಮುಂದಿನ ಫ್ರೇಮ್ ಜರ್ಕ್ ಹೊಡೆಯುತ್ತದೆ. ಕೈ ಎತ್ತುವಾಗ ಮೊದಲು ಕೂದಲೆಳೆಯಷ್ಟು, ನಡುವೆ ಹೆಚ್ಚು, ನಿಲ್ಲುವ ಮುನ್ನ ಮತ್ತೆ ಕೂದಲೆಳೆಯಷ್ಟು ಸರಿಸಬೇಕು. ಎಲ್ಲವೂ ಸಮ ಅಂತರವಾದರೆ ಯಂತ್ರದ ಕೈ. ನಡೆಯುವಾಗ ಸೊಂಟ ತುಸು ಏರಿಳಿಯದಿದ್ದರೆ ಗೊಂಬೆ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ನಮ್ಮ ತೊಗಲುಗೊಂಬೆ ಬೆಳಕನ್ನು ಒಳಬಿಟ್ಟು ಬಣ್ಣ ತೋರುತ್ತದೆ, ಕಣ್ಣು ಮೂಗು ತೋರುತ್ತದೆ. ರೈನಿಗರ್ ಅವರ ರಟ್ಟಿಗೆ ಆ ಅನುಕೂಲವಿಲ್ಲ. ಭಾವವೆಲ್ಲ ಮಣಿಕಟ್ಟಿನ ಬಾಗಿನಲ್ಲಿ, ಕುತ್ತಿಗೆಯ ವಾಲಿನಲ್ಲಿ. ಅದನ್ನು ಅವರಷ್ಟು ನಾಜೂಕಾಗಿ ಸಾಧಿಸಿದವರು ವಿರಳ.

1950ರ ದಶಕದಲ್ಲಿ ಯುಗೊಸ್ಲಾವಿಯದ ಝಾಗ್ರೆಬ್ ಕಲಾವಿದರು ಸೆಕೆಂಡಿಗೆ ಬರೆಯುವ ಚಿತ್ರಗಳನ್ನು ಇನ್ನೂ ಕಡಿಮೆ ಮಾಡಿದರು. ಒಂದು ಭಂಗಿ ತಡೆದು ನಿಲ್ಲುತ್ತದೆ, ಥಟ್ಟನೆ ಇನ್ನೊಂದಕ್ಕೆ ಹಾರುತ್ತದೆ. ದುಶಾನ್ ವುಕೋತಿಚ್ ಅವರ 'ಸುರೊಗಾಟ್' (1961) ಹೀಗೆಯೇ ಆಸ್ಕರ್ ಗೆದ್ದಿತು, ಆನಿಮೇಷನ್ ಕಿರುಚಿತ್ರ ವಿಭಾಗದಲ್ಲಿ ಅಮೆರಿಕದ ಹೊರಗಿನ ಚಿತ್ರಕ್ಕೆ ಅದೇ ಮೊದಲು. ಅದರ ಪಾತ್ರಗಳ ತ್ರಿಕೋನ, ಚೌಕಗಳ ಮೈಗೆ ಆ ನಡೆಯೇ ಒಪ್ಪುತ್ತದೆ. ಒಂದು ಎಚ್ಚರ: ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತ, ಪಾತ್ರ ಎರಡು ಫ್ರೇಮಿಗೊಮ್ಮೆ ಸರಿದರೆ ಪಾತ್ರ ನಡುಗುತ್ತದೆ. ಅಂಥ ಕಡೆ 24 ಚಿತ್ರಗಳೇ ಬೇಕು.

ಮಾಸ್ಕೊದ ಯೂರಿ ನೊರ್ಷ್ಟೈನ್ ಮತ್ತೆ ಕತ್ತರಿಸಿದ ಗೊಂಬೆಗೇ ಮರಳಿದರು. 1975ರ ಅವರ ಕಿರುಚಿತ್ರದಲ್ಲಿ ಮುಳ್ಳಿಲಿಯೊಂದು ಮಂಜಿನಲ್ಲಿ ದಾರಿ ತಪ್ಪುತ್ತದೆ. ಮಂಜೆಂದರೆ ಗೊಂಬೆಯ ಮೇಲಿಟ್ಟ ಬಲು ತೆಳು ಕಾಗದ. ಅದನ್ನು ಒಂದೊಂದು ಫ್ರೇಮಿಗೂ ತುಸು ತುಸುವೇ ಕ್ಯಾಮೆರಾದತ್ತ ಎತ್ತುತ್ತ ಹೋದಂತೆ ಕೆಳಗಿರುವ ಮುಳ್ಳಿಲಿ, ತಾನು ಕದಲದೆಯೇ, ಮಸುಕಾಗುತ್ತ ಕರಗುತ್ತದೆ.