ಡಿಸ್‌ಪ್ಲೇನಲ್ಲಿ ಕಮ್ಯುನಿಕೇಶನ್ ಎರರ್ ಬಂದರೆ ಇಸಿಎಂ ಬದಲಾಯಿಸಬೇಕಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್ ತಗೊಂಡಿದ್ದೇನೆ. ಕೆಲಸದ ಮಧ್ಯೆ ‘ಇಂಜಿನ್ ಕಂಟ್ರೋಲರ್ ಕಮ್ಯುನಿಕೇಶನ್ ಎರರ್’ ಅಂತ ಬರುತ್ತದೆ, ಆರ್‌ಪಿಎಂ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗೇ ಸರಿಹೋಗುತ್ತದೆ. ಮೆಕ್ಯಾನಿಕ್ ನೋಡಿ, ‘ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬದಲಾಯಿಸಿ’ ಅಂದರು. ಬದಲಾಯಿಸಲೇ?

ಉತ್ತರ: ಬೇಡ. ಮೊದಲು ಮಲ್ಟಿಮೀಟರ್ ತಗೊಳ್ಳಿ.

ಇದೇ ಪ್ರಶ್ನೆ ಒಮ್ಮೆ ಲೋಡರ್ ಹೆಸರಲ್ಲಿ, ಒಮ್ಮೆ ಗ್ರೇಡರ್ ಹೆಸರಲ್ಲಿ ಬರುತ್ತಲೇ ಇರುತ್ತದೆ. ಎಷ್ಟು ಸಲ ಹೇಳಿದರೂ ‘ಎರರ್‌ನಲ್ಲಿ ಯಾರ ಹೆಸರಿದೆಯೋ ಅವನೇ ಕೆಟ್ಟಿದ್ದಾನೆ’ ಎಂಬ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತೇನೆ.

ಕಮ್ಯುನಿಕೇಶನ್ ಎರರ್‌ನ ಕೋಡ್ ದಾಖಲಿಸುವುದು ಕೇಳಿಸಿಕೊಳ್ಳಬೇಕಾದ ಕಂಟ್ರೋಲರ್. ಇಂಜಿನ್ ಕಡೆಯಿಂದ ಬರಬೇಕಾದ ಸಂದೇಶ ಹೊತ್ತಿಗೆ ಸರಿಯಾಗಿ ಬರಲಿಲ್ಲ ಅಂತ ಅದು ದೂರುತ್ತಿದೆ, ಅಷ್ಟೇ. ನೀವು ಫೋನ್ ಮಾಡಿದಾಗ ಆ ಕಡೆಯವರು ಎತ್ತಲಿಲ್ಲ ಅಂದರೆ ಅವರ ಫೋನೇ ಕೆಟ್ಟಿದೆ ಅಂತ ತೀರ್ಮಾನಿಸುತ್ತೀರಾ? ಸಿಗ್ನಲ್ ಇಲ್ಲದಿರಬಹುದು, ಚಾರ್ಜ್ ಮುಗಿದಿರಬಹುದು. ಇಲ್ಲೂ ಹಾಗೇ. ಇಸಿಎಂಗೆ ಸರಿಯಾಗಿ ಕರೆಂಟ್ ಸಿಗದಿರಬಹುದು, ಅರ್ಥ್ ಸಡಿಲವಿರಬಹುದು, ನಡುವಿನ ವೈರ್ ತುಂಡಾಗಿರಬಹುದು.

ನಿಮ್ಮ ವಿಷಯದಲ್ಲಿ ಇನ್ನೊಂದು ದೊಡ್ಡ ಸಾಕ್ಷಿ ಇದೆ. ಎರರ್ ಬಂದಾಗಲೂ ಇಂಜಿನ್ ಓಡುತ್ತಲೇ ಇದೆ, ಅಲ್ವಾ? ಕಾಮನ್ ರೈಲ್ ಇಂಜಿನ್‌ನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ತೆರೆಯಬೇಕು ಅಂತ ಹೇಳುವುದು ಇಸಿಎಂ. ಅದು ಸತ್ತಿದ್ದರೆ ಇಂಜಿನ್ ನಿಂತೇ ಹೋಗುತ್ತಿತ್ತು. ಅಂದರೆ ಇಸಿಎಂ ಕೆಲಸ ಮಾಡುತ್ತಿದೆ, ಅದರ ಮಾತು ಮಾತ್ರ ಉಳಿದವರಿಗೆ ತಲುಪುತ್ತಿಲ್ಲ.

‘ಆದರೆ ನಮ್ಮ ಪರಿಚಯದವರು ಬದಲಾಯಿಸಿದರು, ಸರಿಹೋಯ್ತು’ ಅಂತ ಬರೆಯುವವರು ತುಂಬಾ ಜನ. ಸರಿಹೋಗಿರಬಹುದು. ಯಾಕೆ ಅಂತ ನೋಡಿ. ಇಸಿಎಂ ಬದಲಾಯಿಸಬೇಕಾದರೆ ಅದರ ದೊಡ್ಡ ಕನೆಕ್ಟರ್ ಕಳಚಿ ಮತ್ತೆ ಕೂರಿಸಬೇಕು. ಆ ಒಂದು ಸಲದ ತಿಕ್ಕಾಟಕ್ಕೇ ಪಿನ್ ಮೇಲಿನ ತುಕ್ಕಿನ ಪದರ ಉಜ್ಜಿಹೋಗಿ ಕಾಂಟ್ಯಾಕ್ಟ್ ಬರುತ್ತದೆ. ಹೆಸರು ಹೊಸ ಇಸಿಎಂಗೆ, ಖರ್ಚು ನಿಮಗೆ. ಕೆಲವು ವಾರ ಕಂಪನ ತಿಂದ ಮೇಲೆ ಅದೇ ಎರರ್ ಮತ್ತೆ ಬಂದರೆ, ‘ಹೊಸದೂ ಕೆಟ್ಟಿತು’ ಅನ್ನುತ್ತಾರೆ. ಹಾಗಾಗಿ ಇಸಿಎಂ ಕೊಳ್ಳುವ ಮೊದಲು ಹಳೆಯದರ ಕನೆಕ್ಟರನ್ನೇ ಕಳಚಿ, ಕ್ಲೀನ್ ಮಾಡಿ, ಮತ್ತೆ ಕೂರಿಸಿ ನೋಡಿ. ಇನ್ನೊಂದು ಮಷೀನಿನ ಇಸಿಎಂ ತಂದು ಹಾಕುವುದಂತೂ ಬೇಡವೇ ಬೇಡ. ಸಾಫ್ಟ್‌ವೇರ್, ಇಂಜೆಕ್ಟರ್ ಕೋಡ್ ಹೊಂದದಿದ್ದರೆ ಒಂದಿದ್ದ ತೊಂದರೆ ನಾಲ್ಕಾಗುತ್ತದೆ.

ಈಗ ಪರೀಕ್ಷೆ. ಈ ಮಷೀನುಗಳಲ್ಲಿ ಹೆಚ್ಚಿನವುಗಳ ಕಂಟ್ರೋಲರ್‌ಗಳು ಕ್ಯಾನ್ ಬಸ್ ಎಂಬ ಸಂದೇಶ ಜಾಲದ ಮೇಲೆ ಮಾತಾಡುತ್ತವೆ. ಬಾಷ್ ಕಂಪನಿ ಇದನ್ನು 1986ರಲ್ಲಿ ಹೊರತಂದಿತು. ಭಾರಿ ಯಂತ್ರಗಳಲ್ಲಿ ಇದರ ಮೇಲೆ ನಡೆಯುವ ಭಾಷೆ ಜೆ1939. ಹೆಣೆದುಕೊಂಡ ಎರಡು ವೈರ್, ಕ್ಯಾನ್ ಹೈ ಮತ್ತು ಕ್ಯಾನ್ ಲೋ. ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಸ್ವಿಚ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು, ಡಯಾಗ್ನಾಸ್ಟಿಕ್ ಸಾಕೆಟ್‌ನಲ್ಲಿ (ಸ್ಕ್ಯಾನರ್ ಜೋಡಿಸುವ ಜಾಗ) ಈ ಎರಡು ವೈರ್‌ಗಳ ನಡುವೆ ಓಮ್ ಅಳೆಯಿರಿ. ಯಾವ ಪಿನ್ ಯಾವುದು ಅಂತ ನಿಮ್ಮ ಮಷೀನಿನ ಡಯಾಗ್ರಾಂ ನೋಡಿಯೇ ಮೀಟರ್ ಇಡಿ. ಎಲ್ಲ ಕಂಪನಿಗಳೂ ಒಂದೇ ಪಿನ್ ಬಳಸುವುದಿಲ್ಲ.

ಸುಮಾರು 60 ಓಮ್ ಬಂದರೆ ಸರಿ. 120 ಬಂದರೆ ಒಂದು ರೆಸಿಸ್ಟರ್ ಇಲ್ಲ, ಅಥವಾ ನಡುವೆ ವೈರ್ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರೂ ಎಲ್ಲೋ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಹಳೇ ಮಷೀನಿನಲ್ಲಿ ಇದೂ ಸಿಗುತ್ತದೆ. ಹಿಂದಿನ ಮಾಲೀಕರು ಜಿಪಿಎಸ್ ಟ್ರ್ಯಾಕರ್ ಹಾಕಿಸಿ, ಆಮೇಲೆ ಅದನ್ನು ಕತ್ತರಿಸಿ ವೈರ್‌ಗೆ ಸುಮ್ನೆ ಟೇಪ್ ಸುತ್ತಿಬಿಟ್ಟಿರುತ್ತಾರೆ. ಅಂಥ ಜೋಡಣೆ ಕಂಡರೆ ಮೊದಲು ಅದನ್ನೇ ಬಿಚ್ಚಿ ನೋಡಿ.

ನಿಮ್ಮದು ಬಂದು ಹೋಗುವ ತೊಂದರೆಯಾದ್ದರಿಂದ ನಿಂತ ಮಷೀನಿನಲ್ಲಿ 60 ಬರುವ ಸಾಧ್ಯತೆಯೇ ಜಾಸ್ತಿ. ಮೀಟರ್ ಹಚ್ಚಿಟ್ಟು, ಇನ್ನೊಬ್ಬರ ಕೈಲಿ ಹಾರ್ನೆಸ್ (ವೈರ್‌ಗಳ ಕಟ್ಟು) ಅಲುಗಾಡಿಸಿ. ಕ್ಯಾಬಿನ್ ತಳದಲ್ಲಿ ವೈರ್ ಕಬ್ಬಿಣದ ತೂತಿನಿಂದ ಹೊರಬರುವ ಜಾಗ, ಬಾಗುವ ಜಾಗ, ಇಂಜಿನ್ ಮೇಲಿನ ಕ್ಲಿಪ್ ಕಳಚಿದ ಜಾಗ. ಅಂಕಿ 60ರಿಂದ ಹಾರಿದ ಕ್ಷಣ ಕೈ ಎಲ್ಲಿದೆಯೋ ಅಲ್ಲೇ ಹುಡುಕಿ. ಕನೆಕ್ಟರ್ ಬಿಚ್ಚಿ ಬೆಳಕು ಹಿಡಿದರೆ ಒಂದು ಪಿನ್ ಉಳಿದವುಗಳಿಗಿಂತ ಒಂದೆರಡು ಮಿಲಿಮೀಟರ್ ಹಿಂದೆ ಸರಿದಿರುತ್ತದೆ, ಇಲ್ಲವೇ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ.

ಇಸಿಎಂನ ಅರ್ಥ್ ನೋಡಲು ಓಮ್ ಅಳೆದರೆ ಸಾಲದು. ಒಂದೇ ಎಳೆ ಉಳಿದ ವೈರ್ ಕೂಡ ಓಮ್ ಮೀಟರಿಗೆ ಚೆನ್ನಾಗೇ ಕಾಣುತ್ತದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಮೈನಸ್‌ಗೂ ಇಸಿಎಂನ ಅರ್ಥ್ ಪಿನ್‌ಗೂ ನಡುವೆ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟ್ ಬಂದರೂ ಕಳ್ಳ ಸಿಕ್ಕ ಹಾಗೆ.

ಕರೆಂಟ್, ಅರ್ಥ್, ಎರಡು ಕ್ಯಾನ್ ವೈರ್, ಎಲ್ಲವೂ ಇಸಿಎಂ ಪಿನ್‌ವರೆಗೆ ಸರಿಯಾಗಿ ತಲುಪುತ್ತಿವೆ, ಆದರೂ ಅದು ಮಾತಾಡುತ್ತಿಲ್ಲ ಅಂತಾದರೆ ಆಗ ಇಸಿಎಂ ಮೇಲೆ ಅನುಮಾನ ಪಡಿ. ಒಳಗಿನ ಕ್ಯಾನ್ ಚಿಪ್ ಹೋಗುವುದು ಉಂಟು, ಅದರಲ್ಲೂ ಬ್ಯಾಟರಿ ಕಳಚದೆ ಬಕೆಟ್‌ಗೆ ವೆಲ್ಡಿಂಗ್ ಮಾಡಿಸಿದ ಮಷೀನುಗಳಲ್ಲಿ.

ಯಾರೂ ಕೇಳದ ಒಂದು ಮಾತು. ಹಳೇ ಮಷೀನ್ ಕೊಳ್ಳುವಾಗ ‘ಒಂದೂ ಕೋಡ್ ಇಲ್ಲ ನೋಡಿ’ ಅಂತ ತೋರಿಸುತ್ತಾರೆ. ನನಗೆ ಅನುಮಾನ ಬರುವುದೇ ಆಗ. ವರ್ಷಗಟ್ಟಲೆ ದುಡಿದ ಮಷೀನಿನಲ್ಲಿ ಒಂದು ಲೋ ವೋಲ್ಟೇಜ್ ಕೋಡ್ ಕೂಡ ಇಲ್ಲ ಅಂದರೆ, ನೀವು ಬರುವ ಮೊದಲೇ ಅಳಿಸಿರುವ ಸಾಧ್ಯತೆ ಹೆಚ್ಚು. ಜೆ1939ರಲ್ಲಿ ಈಗಿನ ಕೋಡ್‌ಗಳು ಡಿಎಂ1ರಲ್ಲಿ, ಹಿಂದೆ ಬಂದು ಹೋದವು ಡಿಎಂ2ರಲ್ಲಿ ಇರುತ್ತವೆ. ಎಷ್ಟು ಸಲ ಬಂದಿದೆ ಎಂಬ ಲೆಕ್ಕವೂ ಜೊತೆಗಿರುತ್ತದೆ. ಸ್ಕ್ಯಾನರ್ ಹಾಕಿ ಎರಡನ್ನೂ ಓದಿ. ಇಸಿಎಂ ಒಳಗಿನ ಇಂಜಿನ್ ಗಂಟೆಯನ್ನು ಡಿಸ್‌ಪ್ಲೇ ಮೀಟರ್ ಜೊತೆ ಹೋಲಿಸಿ. ಆಮೇಲೆ ಮಷೀನನ್ನು ಎಣ್ಣೆ ಬಿಸಿಯಾಗುವವರೆಗೆ ಲೋಡ್ ಮೇಲೆ ಓಡಿಸಿ, ಮತ್ತೊಮ್ಮೆ ಓದಿ. ಅಳಿಸಿದ ಕೋಡ್‌ಗಳಲ್ಲಿ ನಿಜವಾದವು ಆಗ ವಾಪಸ್ ಬರುತ್ತವೆ.