ಹದಿಹರೆಯದ ಹಾಸ್ಯಚಿತ್ರಗಳ ಟ್ರೇಲರ್: ನಿರೀಕ್ಷೆಯನ್ನು ಕಟ್ಟಿ ಮುರಿಯುವ ವಿದ್ಯೆ

ಹಳದಿ ಬಣ್ಣದ ಶಾಲಾ ಬಸ್ಸೊಂದು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಮರುಕ್ಷಣ ಉದ್ದನೆಯ ಕಾರಿಡಾರ್, ಎರಡೂ ಬದಿಗೆ ಲೋಹದ ಲಾಕರುಗಳು, ಅವುಗಳ ಬಾಗಿಲು ಬಡಿಯುವ ಸದ್ದು. ಅದರ ನಡುವೆ ಮೂವರು ಹುಡುಗಿಯರು ಸ್ಲೋ ಮೋಷನ್‌ನಲ್ಲಿ ಸಾಲಾಗಿ ನಡೆದು ಬರುತ್ತಾರೆ. ಉಳಿದವರು ಗೋಡೆಯ ಕಡೆಗೆ ಸರಿದು ದಾರಿ ಬಿಡುತ್ತಾರೆ. ಇಷ್ಟು ನಡೆಯಲು ಎಂಟು-ಹತ್ತು ಸೆಕೆಂಡು ಸಾಕು. ಯಾರೂ ಇನ್ನೂ ಒಂದು ಮಾತನ್ನೂ ಆಡಿಲ್ಲವಾದರೂ, ಇದು ಅಮೆರಿಕದ ಹೈಸ್ಕೂಲಿನ ಹಾಸ್ಯಚಿತ್ರ, ಮೂವರಲ್ಲಿ ನಡುವಿನವಳು ಶಾಲೆಯನ್ನೇ ಆಳುವವಳು, ಹೊಸದಾಗಿ ಸೇರುವ ಹುಡುಗಿಯೊಬ್ಬಳು ಇನ್ನೇನು ಅವಳಿಗೆ ಎದುರಾಗಲಿದ್ದಾಳೆ ಎಂಬುದೆಲ್ಲ ನೋಡುವವರಿಗೆ ಆಗಲೇ ತಿಳಿದುಹೋಗಿರುತ್ತದೆ.

ಈ ತಿಳಿವಳಿಕೆ ಬದುಕಿನಿಂದ ಬಂದದ್ದಲ್ಲ ಎಂಬುದು ಕರ್ನಾಟಕದಲ್ಲಿ ಕುಳಿತು ನೋಡುವವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಬಹುಪಾಲು ಶಾಲೆಗಳಲ್ಲಿ ಲಾಕರುಗಳ ಸಾಲೂ ಇಲ್ಲ, ಟ್ರೇ ಹಿಡಿದು ಯಾವ ಗುಂಪಿನ ಮೇಜಿಗೆ ಹೋಗಲಿ ಎಂದು ಹುಡುಕಾಡುವ ಕೆಫೆಟೇರಿಯಾವೂ ಇಲ್ಲ. ಆದರೂ ಮೊಬೈಲಿನಲ್ಲಿ ಇಂತಹ ನಾಲ್ಕಾರು ಚಿತ್ರ ನೋಡಿರುವ ಇಲ್ಲಿನ ಪಿಯುಸಿ ವಿದ್ಯಾರ್ಥಿಗೆ ಆ ಕಾರಿಡಾರಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಹಿಂದೆ ನೋಡಿದ ಚಿತ್ರಗಳೇ ಮುಂದಿನ ಚಿತ್ರವನ್ನು ಓದಲು ಕಲಿಸಿವೆ. ನೆನಪು ಎಂಬುದು ಕಂಡದ್ದರ ನಕಲು ಪ್ರತಿಯಲ್ಲ, ಹಳೆಯ ಅನುಭವಗಳಿಂದ ಮನಸ್ಸು ಕಟ್ಟಿಕೊಂಡ ಚೌಕಟ್ಟುಗಳ ಮೂಲಕವೇ ನಾವು ಹೊಸದನ್ನು ಗ್ರಹಿಸುತ್ತೇವೆ ಎಂದು ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ವಾದಿಸಿದ್ದರು. ಚಿತ್ರರಂಗದವರು ಜಾನರ್ ಎಂದು ಕರೆಯುವ ಚಿತ್ರಪ್ರಕಾರವು ಇಂತಹ ಒಂದು ಚೌಕಟ್ಟು. ಟ್ರೇಲರ್ ಅದನ್ನು ಎಬ್ಬಿಸುವ ಕೆಲಸ ಮಾಡುತ್ತದೆ.

ಎಬ್ಬಿಸದೆ ಅದಕ್ಕೆ ಬೇರೆ ದಾರಿಯೂ ಇಲ್ಲ. ಅಮೆರಿಕದ ಚಿತ್ರೋದ್ಯಮ ಸಂಘಟನೆಯ ನಿಯಮದಂತೆ ಚಿತ್ರಮಂದಿರದ ಟ್ರೇಲರ್ ಸಾಮಾನ್ಯವಾಗಿ ಎರಡೂವರೆ ನಿಮಿಷ ಮೀರುವಂತಿಲ್ಲ. 2014ರಲ್ಲಿ ಅಲ್ಲಿನ ಚಿತ್ರಮಂದಿರ ಮಾಲೀಕರ ಸಂಘವು ಅದನ್ನು ಎರಡು ನಿಮಿಷಕ್ಕೆ ಇಳಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ಇಷ್ಟು ಕಿರಿದಾದ ಅವಧಿಯಲ್ಲಿ ಒಬ್ಬ ಹುಡುಗಿಯ ಸ್ವಭಾವ, ಅವಳ ಮನೆ, ಅವಳ ಒಂಟಿತನ ಎಲ್ಲವನ್ನೂ ಮೊದಲಿನಿಂದ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಸಂಕಲನಕಾರರು ಒಂದು ಕನ್ನಡಕ, ಒಂದು ಫುಟ್‌ಬಾಲ್ ಜಾಕೆಟ್, ಒಂದು ಚಿಯರ್‌ಲೀಡರ್ ಸ್ಕರ್ಟ್ ತೋರಿಸಿ, ಉಳಿದದ್ದನ್ನು ಪ್ರೇಕ್ಷಕರ ನೆನಪಿಗೆ ಬಿಡುತ್ತಾರೆ. ಜಾನ್ ಹ್ಯೂಸ್ 1985ರಲ್ಲಿ ನಿರ್ದೇಶಿಸಿದ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ ಚಿತ್ರದಲ್ಲಿ ಶಿಕ್ಷೆಯ ರೂಪದಲ್ಲಿ ಶನಿವಾರ ಶಾಲೆಗೆ ಬಂದ ಐವರು ವಿದ್ಯಾರ್ಥಿಗಳು ತಮ್ಮನ್ನು ಬುದ್ಧಿವಂತ, ಕ್ರೀಡಾಪಟು, ತಲೆಕೆಟ್ಟವಳು, ರಾಜಕುಮಾರಿ, ಅಪರಾಧಿ ಎಂದು ಹೆಸರಿಸಿಕೊಳ್ಳುತ್ತಾರೆ. ಅಂತಹ ಹಣೆಪಟ್ಟಿಗಳು ಎಷ್ಟು ಸುಳ್ಳು ಎಂದು ತೋರಿಸುವುದೇ ಆ ಚಿತ್ರದ ಉದ್ದೇಶವಾಗಿತ್ತು. ಆದರೆ ಅದರ ನಂತರದ ನಾಲ್ಕು ದಶಕಗಳ ಟ್ರೇಲರ್‌ಗಳು ಆ ಹಣೆಪಟ್ಟಿಗಳನ್ನೇ ಸಂಕ್ಷಿಪ್ತ ಲಿಪಿಯಂತೆ ಬಳಸುತ್ತ ಬಂದಿವೆ. ಚಿತ್ರ ಎರಡು ಗಂಟೆ ತೆಗೆದುಕೊಂಡು ಕೆಡವುವ ಗೋಡೆಯನ್ನು ಟ್ರೇಲರ್ ಎರಡು ನಿಮಿಷದಲ್ಲಿ ಎಬ್ಬಿಸಿ ತೋರಿಸಬೇಕಾಗುತ್ತದೆ ಎಂಬುದು ಈ ಪ್ರಕಾರದ ಬಹುದೊಡ್ಡ ತೊಡಕು ಎಂದು ನನಗೆ ಅನ್ನಿಸುತ್ತದೆ.

ಭಯಾನಕ ಚಿತ್ರದ ಟ್ರೇಲರಿಗೂ, ಯುದ್ಧಚಿತ್ರದ ಟ್ರೇಲರಿಗೂ ಇಂತಹ ಗುರುತುಗಳು ಬೇಕು. ಆದರೆ ಹಾಸ್ಯದಲ್ಲಿ ರೂಢಿಗೆ ಇನ್ನೂ ಆಳವಾದ ಒಂದು ಕೆಲಸವಿದೆ. ನಗೆ ಹುಟ್ಟಬೇಕಾದರೆ ಮೊದಲು ಒಂದು ನಿರೀಕ್ಷೆ ಇರಬೇಕು, ಅದು ತಪ್ಪಬೇಕು, ತಪ್ಪಿದ್ದು ಏಕೆಂದು ಕೂಡಲೇ ಹೊಳೆಯಬೇಕು. ಜೆರಿ ಸಲ್ಸ್ ಎಂಬ ಮನೋವಿಜ್ಞಾನಿ 1972ರಲ್ಲಿ ಹಾಸ್ಯಗ್ರಹಿಕೆಯನ್ನು ಹೀಗೆ ಎರಡು ಹಂತಗಳಲ್ಲಿ ವಿವರಿಸಿದರು: ಮೊದಲು ಅಸಂಗತಿ ಎದುರಾಗುತ್ತದೆ, ಆಮೇಲೆ ಅದಕ್ಕೊಂದು ಪರಿಹಾರ ಸಿಗುತ್ತದೆ. ನಿರೀಕ್ಷೆ ತಪ್ಪಿದ್ದನ್ನು ಮಿದುಳು ಎಷ್ಟು ಬೇಗ ಗುರುತಿಸುತ್ತದೆ ಎಂಬುದಕ್ಕೆ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಬಿಸಿ ಬ್ರೆಡ್ಡಿನ ಮೇಲೆ ಅವನು ಕಾಲುಚೀಲ ಸವರಿದ ಎಂಬಂತಹ ವಾಕ್ಯಗಳನ್ನು ಓದುವವರ ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿದಾಗ, ಹೊಂದದ ಪದ ಕಣ್ಣಿಗೆ ಬಿದ್ದ ಸುಮಾರು 400 ಮಿಲಿಸೆಕೆಂಡುಗಳಲ್ಲಿ ಸ್ಪಷ್ಟವಾದ ವಿದ್ಯುತ್ ಅಲೆಯೊಂದು ದಾಖಲಾಯಿತು.

ನಾಟಕದಲ್ಲಾಗಲಿ ಹರಟೆಯಲ್ಲಾಗಲಿ ಹಾಸ್ಯಗಾರನು ಆ ನಿರೀಕ್ಷೆಯನ್ನು ತಾನೇ ನಿಧಾನವಾಗಿ ಬೆಳೆಸಬೇಕು. ಟ್ರೇಲರಿಗೆ ಅಷ್ಟು ವ್ಯವಧಾನವಿಲ್ಲ. ಅದು ಪ್ರಕಾರದ ರೂಢಿಯಿಂದ ನಿರೀಕ್ಷೆಯನ್ನು ಸಿದ್ಧರೂಪದಲ್ಲೇ ಪಡೆಯುತ್ತದೆ. ಸ್ಲೋ ಮೋಷನ್ ನಡಿಗೆ ಇಡೀ ನಗೆಯ ಮೊದಲರ್ಧ. ಆ ನಡಿಗೆಯ ಹುಡುಗಿ ಕಸದ ಡಬ್ಬಿಗೆ ಎಡವಿ ಬೀಳುವುದು ಉತ್ತರಾರ್ಧ. ಮೊದಲರ್ಧ ಪ್ರೇಕ್ಷಕರ ತಲೆಯಲ್ಲಿ ಮೊದಲೇ ಇರುವುದರಿಂದ ಎರಡೇ ಸೆಕೆಂಡಿನಲ್ಲಿ ಒಂದು ನಗೆ ಮುಗಿಯುತ್ತದೆ. ಹೀಗೆ ರೂಢಿಯೆನ್ನುವುದು ಇದು ಇಂಥ ಚಿತ್ರ ಎಂದು ಸಾರುವ ಫಲಕವೂ ಹೌದು, ಹಾಸ್ಯದ ಕಚ್ಚಾವಸ್ತುವೂ ಹೌದು.

ಈ ಟ್ರೇಲರ್‌ಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಜಾಗವನ್ನು ಹತ್ತಿರದಿಂದ ಗಮನಿಸಬೇಕು. ಹಿನ್ನೆಲೆಯಲ್ಲಿ ಪಾಪ್ ಹಾಡಿನ ತಾಳ ಏರುತ್ತ ಹೋಗುತ್ತದೆ. ಪ್ರತಿ ಪೆಟ್ಟಿಗೊಂದು ದೃಶ್ಯ ಬದಲಾಗುತ್ತದೆ. ಪಾರ್ಟಿ, ಈಜುಕೊಳ, ಪ್ರಾಂಶುಪಾಲರ ಕೋಣೆ. ಆಗ ಇದ್ದಕ್ಕಿದ್ದಂತೆ ಸಂಗೀತ ನಿಂತುಬಿಡುತ್ತದೆ. ಪೂರ್ತಿ ಮೌನ. ಕ್ಯಾಮೆರಾ ಅಲುಗದೆ ಒಂದೇ ಮುಖವನ್ನು ಹಿಡಿದಿರುತ್ತದೆ, ಆ ಮುಖ ಭಾವನೆಯಿಲ್ಲದ ದನಿಯಲ್ಲಿ ಒಂದು ಸಾಲು ಹೇಳುತ್ತದೆ, ಅರೆಕ್ಷಣ ಏನೂ ಇಲ್ಲ, ಬಳಿಕ ಸಂಗೀತ ಮೊದಲಿಗಿಂತ ಜೋರಾಗಿ ನುಗ್ಗುತ್ತದೆ. ನಿಯತವಾಗಿ ಬರುತ್ತಿದ್ದ ಸದ್ದು ತಟಕ್ಕನೆ ನಿಂತರೆ ಗಮನ ತಾನಾಗಿಯೇ ಆ ಕಡೆ ತಿರುಗುತ್ತದೆ; ನಗೆಯ ಸಾಲನ್ನು ಅಲ್ಲಿಟ್ಟರೆ ಅದು ಕೈತಪ್ಪುವುದಿಲ್ಲ. ಆ ಅರೆಕ್ಷಣದ ಬಿಡುವು ಚಿತ್ರಮಂದಿರದ ನಗುವಿಗೆ ಜಾಗವನ್ನೂ ಮಾಡಿಕೊಡುತ್ತದೆ. ಮನುಷ್ಯರು ಒಂಟಿಯಾಗಿರುವಾಗ ನಗುವುದಕ್ಕಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಜೊತೆಯಲ್ಲಿದ್ದಾಗ ನಗುತ್ತಾರೆ ಎಂದು ನಗುವನ್ನು ದೀರ್ಘಕಾಲ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ತುಂಬಿದ ಸಭಾಂಗಣದಲ್ಲಿ ಮೊದಲ ನಗು ಎದ್ದರೆ ಉಳಿದದ್ದನ್ನು ಪಕ್ಕದವರೇ ನೋಡಿಕೊಳ್ಳುತ್ತಾರೆ.

ಇಂತಹ ತಂತ್ರಗಳು ನಿಜಕ್ಕೂ ಪ್ರೇಕ್ಷಕರನ್ನು ಒಂದೇ ದಿಕ್ಕಿಗೆ ನಡೆಸುತ್ತವೆಯೇ? ಉರಿ ಹ್ಯಾಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಮಿದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ರೋಮಾಂಚಕ ಚಿತ್ರಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರ ಟಿವಿ ಕಂತೊಂದನ್ನು ನೋಡಿದವರ ಮಿದುಳಿನ ಹೊರಪದರದ 65 ಶೇಕಡಾ ಭಾಗದಲ್ಲಿ ಎಲ್ಲರಿಗೂ ಒಂದೇ ಬಗೆಯ ಏರಿಳಿತ ಕಂಡಿತ್ತು. ಉದ್ಯಾನವೊಂದನ್ನು ಸುಮ್ಮನೆ ಚಿತ್ರೀಕರಿಸಿದ, ಸಂಕಲನವಿಲ್ಲದ ದೃಶ್ಯಕ್ಕೆ ಆ ಹೊಂದಿಕೆ 5 ಶೇಕಡಾಕ್ಕಿಂತ ಕಡಿಮೆಯಿತ್ತು. ಅದೇ ಅಧ್ಯಯನದಲ್ಲಿ ಟಿವಿಯ ಹಾಸ್ಯ ಸರಣಿಯೊಂದಕ್ಕೆ ಬಂದದ್ದು 18 ಶೇಕಡಾ ಮಾತ್ರ. ಆ ಸರಣಿಯದು ಸಡಿಲವಾದ, ಸಹಜ ಶೈಲಿಯಾದ್ದರಿಂದ ಎಲ್ಲ ಹಾಸ್ಯಕ್ಕೂ ಈ ಅಂಕಿಯನ್ನು ಅನ್ವಯಿಸಲಾಗದು. ಆದರೂ ಹಾಸ್ಯದ ಟ್ರೇಲರ್‌ಗಳಲ್ಲಿ ಸಂಕಲನ ಏಕೆ ಅಷ್ಟು ಬಿಗಿಯಾಗಿರುತ್ತದೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಮೋರಾನ್ ಸೆರ್ಫ್ ಇನ್ನೂ ಮುಂದೆ ಹೋಗಿ, ಚಿತ್ರಮಂದಿರದಲ್ಲೇ ಕುಳಿತ ಪ್ರೇಕ್ಷಕರ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಟ್ರೇಲರ್ ನಡೆಯುವಾಗ ಅಳೆದರು. ಬೇರೆ ಬೇರೆ ಜನರ ಮಿದುಳುಗಳು ಯಾವ ಟ್ರೇಲರಿಗೆ ಹೆಚ್ಚು ಹೋಲುವಂತೆ ಸ್ಪಂದಿಸಿದವೋ ಅದು ಹೆಚ್ಚು ನೆನಪಿನಲ್ಲಿ ಉಳಿದಿತ್ತು, ಆ ಚಿತ್ರದ ಟಿಕೆಟ್ ಮಾರಾಟವೂ ಹೆಚ್ಚಾಗಿತ್ತು.

ಪ್ರಕಾರದ ಗುರುತುಗಳು ಸೆಳೆಯುವಂತೆಯೇ ದೂರವೂ ತಳ್ಳಬಲ್ಲವು. ಇದಕ್ಕೆ ‘ಮೀನ್ ಗರ್ಲ್ಸ್’ಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಟೀನಾ ಫೇ ಬರೆದ 2004ರ ಹಾಸ್ಯಚಿತ್ರ 2018ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರದಲ್ಲಿ ಸಂಗೀತ ನಾಟಕವಾಯಿತು; ಆ ನಾಟಕ 2024ರ ಜನವರಿಯಲ್ಲಿ ಮತ್ತೆ ಸಿನಿಮಾ ಆಗಿ ತೆರೆಗೆ ಬಂತು. ಪಾತ್ರಗಳು ಹಾಡುತ್ತಲೇ ಕಥೆ ಹೇಳುವ ಚಿತ್ರವಿದು. ಆದರೆ 2023ರ ನವೆಂಬರಿನಲ್ಲಿ ಬಂದ ಟ್ರೇಲರಿನಲ್ಲಿ ಕೇಳಿದ್ದು ಒಲಿವಿಯಾ ರೊಡ್ರಿಗೊ ಅವರ ಪಾಪ್ ಹಾಡು. ನಾಟಕದ ಹಾಡುಗಳ ಸುಳಿವೇ ಇರಲಿಲ್ಲ ಎನ್ನಬಹುದು. ಸಂಗೀತಚಿತ್ರ ಎಂದು ಸಾರಿದರೆ ಒಂದು ವರ್ಗದ ಪ್ರೇಕ್ಷಕರು ದೂರ ಸರಿಯಬಹುದೆಂಬ ಅಳುಕನ್ನು ಚಿತ್ರವನ್ನು ಬಿಡುಗಡೆ ಮಾಡಿದ ಪ್ಯಾರಾಮೌಂಟ್ ಸಂಸ್ಥೆಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥರೇ ಬಳಿಕ ಬಹಿರಂಗವಾಗಿ ಒಪ್ಪಿಕೊಂಡರು. ಚಿತ್ರ ಮೊದಲ ವಾರಾಂತ್ಯದಲ್ಲಿ ಅಮೆರಿಕದಲ್ಲಿ ಅಗ್ರಸ್ಥಾನಕ್ಕೇರಿತು. ಆದರೆ ಪಾತ್ರಗಳು ಹಾಡಲು ಶುರುಮಾಡಿದಾಗ ಕೆಲವು ಪ್ರೇಕ್ಷಕರು ಬೇಸರ ವ್ಯಕ್ತಪಡಿಸಿದ್ದೂ ವ್ಯಾಪಕವಾಗಿ ವರದಿಯಾಯಿತು. ಹಾಡಿದ್ದರಿಂದ ಯಾರಿಗೂ ನಷ್ಟವಿಲ್ಲ. ಕೆದಕಿದ್ದು ಒಂದು ಪ್ರಕಾರದ ನಿರೀಕ್ಷೆಯನ್ನು, ಕೊಟ್ಟದ್ದು ಇನ್ನೊಂದನ್ನು ಎಂಬುದೇ ಇಲ್ಲಿನ ತಕರಾರು. ಚಿತ್ರಕ್ಕಿಂತ ವಾರಗಟ್ಟಲೆ ಮೊದಲೇ ಹಾಡುಗಳನ್ನು ಬಿಡುಗಡೆ ಮಾಡಿ ಜನರನ್ನು ಕರೆಯುವ ಕನ್ನಡ ಚಿತ್ರರಂಗದಲ್ಲಿ ಹಾಡನ್ನು ಮುಚ್ಚಿಡುವ ಯೋಚನೆಯೇ ಯಾರಿಗೂ ಬರಲಾರದು. ಏಕೆಂದರೆ ಇಲ್ಲಿ ಹಾಡು ಯಾವ ಒಂದು ಪ್ರಕಾರದ ಗುರುತೂ ಅಲ್ಲ.

ಹದಿಹರೆಯದ ಹಾಸ್ಯಚಿತ್ರಗಳು ಈಗ ಬಹುಪಾಲು ಸ್ಟ್ರೀಮಿಂಗ್ ವೇದಿಕೆಗಳಿಗೆ ಸರಿದಿರುವುದರಿಂದ ಈ ವಿದ್ಯೆಯೂ ಬದಲಾಗುತ್ತಿದೆ. ಯೂಟ್ಯೂಬ್ ಜಾಹೀರಾತನ್ನು ಐದು ಸೆಕೆಂಡಿಗೆ ದಾಟಿಬಿಡಬಹುದಾದ್ದರಿಂದ, ಟ್ರೇಲರ್ ಶುರುವಾಗುವ ಮುನ್ನವೇ ಅದರ ಅತಿ ಚುರುಕಾದ ತುಣುಕುಗಳನ್ನು ಐದು ಸೆಕೆಂಡಿನಲ್ಲಿ ಪೋಣಿಸಿ ತೋರಿಸುವ ಪದ್ಧತಿ ಬಂದಿದೆ. ನೆಟ್‌ಫ್ಲಿಕ್ಸ್ ಇನ್ನೂ ಮುಂದಿದೆ. ಒಂದೇ ಚಿತ್ರಕ್ಕೆ ಪ್ರಣಯಚಿತ್ರ ಪ್ರಿಯರಿಗೆ ಪ್ರೇಮಿಗಳ ಜೋಡಿಯಿರುವ ಮುಖಚಿತ್ರವನ್ನೂ, ಹಾಸ್ಯಪ್ರಿಯರಿಗೆ ಹಾಸ್ಯನಟನಿರುವ ಮುಖಚಿತ್ರವನ್ನೂ ತೋರಿಸುವ ತನ್ನ ವ್ಯವಸ್ಥೆಯನ್ನು ಅದು 2017ರಲ್ಲಿ ತಾನೇ ವಿವರಿಸಿತ್ತು. ಎಲ್ಲರಿಗೂ ಒಂದೇ ಕಾರಿಡಾರ್ ತೋರಿಸಿ ಒಂದೇ ನಿರೀಕ್ಷೆ ಹುಟ್ಟಿಸುತ್ತಿದ್ದ ಜಾಗದಲ್ಲಿ, ಅಕ್ಕಪಕ್ಕ ಕುಳಿತ ಇಬ್ಬರು ಗೆಳತಿಯರು ತಮ್ಮ ತಮ್ಮ ಮೊಬೈಲಿನಲ್ಲಿ ಒಂದೇ ಚಿತ್ರವನ್ನು ಎರಡು ಪ್ರಕಾರಗಳ ಚಿತ್ರವೆಂದು ತಿಳಿದು ತೆರೆಯಬಹುದು.